ಧಾರೆ ಸೀರೆಯ ಬಣ್ಣ

ನಮ್ಮ ಮದುವೆ ಆಲ್ಬಮ್ಮಿನಲ್ಲಿ ನನ್ನ ಹಸಿರು ಧಾರೆ ಸೀರೆ ಕಂದಾಗಿದೆ, ಮುಖಗಳೆಲ್ಲ ಕೆಂಪಾಗಿವೆ. ಮೊಮ್ಮಗ ಕಾರಣ ಹೇಳಿದ: "ಅಜ್ಜಿ, ಬಣ್ಣದ ಫೋಟೋದಲ್ಲಿ ಮೂರು ಬಣ್ಣದ ಪದರ ಇರುತ್ತೆ. ಹಸಿರು-ನೀಲಿ ಪದರ ಮೊದಲು ಮಾಸಿದರೆ ಕೆಂಪು ಛಾಯೆ ಉಳಿಯುತ್ತೆ. ಹಳೇ ಸಿನಿಮಾ ರೀಲಿಗೂ ಇದೇ ಕಾಯಿಲೆ."

ಆಮೇಲೆ ‘ಸ್ಟಾರ್ ವಾರ್ಸ್’ ಚಿತ್ರದ ಕಥೆ ಹೇಳಿದ. 1977ರ ಆ ಚಿತ್ರಕ್ಕೆ ಜಾರ್ಜ್ ಲ್ಯೂಕಾಸ್ 1997ರಲ್ಲಿ ಹೊಸ ದೃಶ್ಯ ಸೇರಿಸಿದರಂತೆ. ಮುಂದೆ ಮನೆಗೆ ಬಂದ ಡಿವಿಡಿಯಲ್ಲಿ ಬಣ್ಣವೂ ಬದಲಾಯಿತಂತೆ. ಮೊದಲಿದ್ದಂತೆಯೇ ಬೇಕೆಂದ ಅಭಿಮಾನಿಗಳು ಹಳೆಯ 35 ಮಿ.ಮೀ. ರೀಲು ಹುಡುಕಿದರು. ಹಲವು ಕೆಂಪಾಗಿದ್ದವು. ಟೆಕ್ನಿಕಲರ್ ಪದ್ಧತಿಯಲ್ಲಿ ಅಚ್ಚಾದದ್ದು ಮಾಸಿರಲಿಲ್ಲ. ಅದನ್ನು ಸ್ಕ್ಯಾನ್ ಮಾಡಿ, ಧೂಳು, ಗೀರು ತೆಗೆದು, ಬಣ್ಣ ಸರಿಪಡಿಸಿದರು. ಸೆಕೆಂಡಿಗೆ 24 ಚಿತ್ರ. ಎರಡು ಗಂಟೆಗೆ 1,72,800!

ಮೊಮ್ಮಗ ಕಂಪ್ಯೂಟರಿನಲ್ಲಿ ನನ್ನ ಸೀರೆಗೂ ಹಸಿರು ತರಲು ಕೂತ. "ಗಿಳಿಹಸಿರು ಕಣೋ" ಅಂದೆ. "ಅಲ್ಲ, ಎಲೆಹಸಿರು" ಅಂದರು ಯಜಮಾನರು.

"ನೆನಪು ಸಾಲದು ಅಜ್ಜಿ, ಸಾಕ್ಷಿ ಬೇಕು" ಎಂದ ಹುಡುಗ.

ಟ್ರಂಕು ತೆಗೆದು ಸೀರೆಯ ಮಡಿಕೆ ಬಿಚ್ಚಿದೆ. ಪಾಚಿಹಸಿರು! ಇಷ್ಟು ವರ್ಷ ನಾವಿಬ್ಬರೂ ತಪ್ಪು ಸೀರೆಯನ್ನೇ ನೆನಪಿಟ್ಟುಕೊಂಡಿದ್ದೆವು.

ಅವನು ಸೆರಗನ್ನು ಪರದೆಯ ಪಕ್ಕ ಹಿಡಿದು ಬಣ್ಣ ಹೊಂದಿಸಿದ. ಚೆನ್ನಾಗಿಯೇ ಬಂತು.

"ಹಳೇದನ್ನ ಅಳಿಸಲಾ?"

"ಬೇಡಪ್ಪ. ಹೊಸದು ಮಾಡು, ಹಳೇದೂ ಇರಲಿ. ನಾಳೆ ನಿನ್ನ ಮಕ್ಕಳಿಗೂ ಸಾಕ್ಷಿ ಬೇಕಾಗಬಹುದು" ಎಂದೆ.