ರಾಳ, ಬೆಳಕು ಮತ್ತು ಬೆರಳ ತುದಿ

ಪೆನ್ಸಿಲ್ವೇನಿಯಾದ ಹೊಳೆಗಳಲ್ಲಿ ಟ್ರೌಟ್ ಮೀನು ಹಿಡಿಯುವವರು ಚಳಿಗಾಲದಲ್ಲಿ ಮನೆಯ ಮೇಜಿಗೆ ಮರಳುತ್ತಾರೆ. ಗಾಳದ ಕೊಕ್ಕೆಗೆ ದಾರ, ಗರಿ, ತುಪ್ಪಳ, ತಂತಿಗಳನ್ನು ಸುತ್ತಿ ನೀರುಹುಳುವಿನ ಹೋಲಿಕೆಯೊಂದನ್ನು ಸೃಷ್ಟಿಸುವ 'ಫ್ಲೈ ಕಟ್ಟುವ' ಕಲೆ ಆ ತಿಂಗಳುಗಳ ಕಾಯಕ. ನಮ್ಮ ಸಂಘದ ಕೆಲವು ಕುಟುಂಬಗಳ ಮಕ್ಕಳೂ ಸ್ಕೌಟ್‌ಗಳ ಫ್ಲೈ ಫಿಶಿಂಗ್ ಬ್ಯಾಡ್ಜ್‌ಗಾಗಿ ಇದನ್ನು ಕಲಿಯತೊಡಗಿದ್ದಾರೆ. ಸಸ್ಯಾಹಾರಿಗಳ ಮನೆಯಲ್ಲಿ ಮೀನಿನ ಗಾಳವೇ ಎಂದು ಹಿರಿಯರೊಬ್ಬರು ನಮ್ಮನ್ನು ಕೇಳಿದ್ದುಂಟು. ಮುಳ್ಳಿಲ್ಲದ ಕೊಕ್ಕೆಯಲ್ಲಿ ಹಿಡಿದು ಮತ್ತೆ ನೀರಿಗೆ ಬಿಡುವುದೇ ನಮ್ಮ ಪದ್ಧತಿಯೆಂದು ಉತ್ತರಿಸಿದೆವು. ಅವರಿಗೆ ಅದು ಪೂರ್ಣ ಸಮಾಧಾನ ತಂದಂತೆ ಕಾಣಲಿಲ್ಲ. ಆ ಚರ್ಚೆ ಹಾಗಿರಲಿ. ಈ ಬರಹದ ವಿಷಯ, ಫ್ಲೈ ಕಟ್ಟುವವರ ಮೇಜಿನ ಮೇಲೆ ಈಚಿನ ವರ್ಷಗಳಲ್ಲಿ ಬಂದು ಕುಳಿತಿರುವ ಒಂದು ಪುಟ್ಟ ಕಪ್ಪು ಶೀಸೆ: ಅತಿನೇರಳೆ ಬೆಳಕಿಗೆ ಗಟ್ಟಿಯಾಗುವ ರಾಳ, ರೂಢಿಯ ಮಾತಿನಲ್ಲಿ ಯುವಿ ರೆಸಿನ್.

ಹಿಂದೆ ಕಟ್ಟಿದ ದಾರ ಬಿಚ್ಚದಿರಲು ವಾರ್ನಿಷ್ ಹಚ್ಚುತ್ತಿದ್ದರು. ದಪ್ಪನೆಯ ಪಾರದರ್ಶಕ ಮೈ ಬೇಕಾದಾಗ ಎರಡು ಭಾಗದ ಎಪಾಕ್ಸಿ ಕಲಸುತ್ತಿದ್ದರು. ನ್ಯೂಜೆರ್ಸಿಯ ಬಾಬ್ ಪೊಪೊವಿಕ್ಸ್ ಅವರ ಪ್ರಸಿದ್ಧ 'ಸರ್ಫ್ ಕ್ಯಾಂಡಿ' ಎಂಬ ಸಮುದ್ರದ ಫ್ಲೈ ಹುಟ್ಟಿದ್ದು ಅಂತಹ ಎಪಾಕ್ಸಿಯಿಂದಲೇ. ಅದು ಗಟ್ಟಿಯಾಗುವವರೆಗೂ ಒಂದೆಡೆಗೆ ಜೋತುಬೀಳದಂತೆ ತಿರುಗಿಸುತ್ತಲೇ ಇರಬೇಕಿತ್ತು. ಯುವಿ ರಾಳ ಈ ಕಾಯುವಿಕೆಯನ್ನು ಕೆಲವೇ ಕ್ಷಣಗಳಿಗೆ ಇಳಿಸಿತು. ದೀಪ ತೋರಿಸುವವರೆಗೆ ಅದು ದ್ರವ, ತೋರಿಸಿದ ಮೇಲೆ ಗಾಜಿನಂತೆ ಘನ.

ಚನ್ನಪಟ್ಟಣದ ಗೊಂಬೆಗಳ ಅರಗನ್ನು ನೆನೆಯಿರಿ. ಅದು ತಿರುಗುವ ಮರದ ಬಿಸಿಗೆ ಕರಗಿ, ತಣಿದಾಗ ಮರಳಿ ಗಟ್ಟಿಯಾಗುತ್ತದೆ. ಯುವಿ ರಾಳದ ಬಗೆ ಬೇರೆ. ಅದರಲ್ಲಿರುವುದು ಅಕ್ರಿಲೇಟ್ ಎಂಬ ಚಿಕ್ಕ ಅಣುಗಳು. ಜೊತೆಗಿರುವ ಬೆಳಕು-ಪ್ರಚೋದಕವು ಕಿರಣವನ್ನು ಹೀರಿದೊಡನೆ ಆ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಲೆಯಾಗುತ್ತವೆ. ಬಲೆಯೊಳಗೆ ಸೇರಿದ ಅಣು ನಿರುಪದ್ರವಿ. ಸೇರದೆ ಉಳಿದದ್ದು ಹಾಗಲ್ಲ. ಮುಂದೆ ಹೇಳುವುದೆಲ್ಲ ಈ ವ್ಯತ್ಯಾಸದ ಮೇಲೆಯೇ ನಿಂತಿದೆ.

ಆಯ್ಕೆಯ ವಿಚಾರಕ್ಕೆ ಬರೋಣ. ಅಂಗಡಿಯಲ್ಲಿ ತೆಳು, ಮಧ್ಯಮ, ದಪ್ಪ ಎಂಬ ಮೂರು ಬಗೆಗಳು ಸಿಗುತ್ತವೆ. ತೆಳುವಾದದ್ದು ದಾರದ ಸುತ್ತುಗಳೊಳಗೆ ಇಂಗುತ್ತದೆ. ಮೀನಿನ ತಲೆಯಂತಹ ಉಬ್ಬು ಆಕಾರಕ್ಕೆ ದಪ್ಪನೆಯದು ಬೇಕು. ಹೊಸಬರಿಗೆ ತೆಳುವಾದದ್ದೊಂದೇ ಸಾಕೆಂಬುದು ನಮ್ಮ ಅಭಿಪ್ರಾಯ. ಲೂನ್, ಸೋಲಾರೆಜ್ ಮೊದಲಾದ ಹೆಸರುಗಳ ನಡುವೆ ಯಾವುದು ಮೇಲು ಎಂಬ ವಾದಕ್ಕೆ ಕೊನೆಯಿಲ್ಲ. ಆ ವಾದದಲ್ಲಿ ಮರೆತುಹೋಗುವುದು ದೀಪ. ಪ್ರಚೋದಕವು ತನಗೆ ಹೊಂದುವ ತರಂಗದ ಬೆಳಕನ್ನು ಮಾತ್ರ ಚೆನ್ನಾಗಿ ಹೀರುತ್ತದೆ. ಕೆಲವು ದೀಪಗಳು 365 ನ್ಯಾನೋಮೀಟರ್ ಸುತ್ತ, ಕೆಲವು 395ರಿಂದ 405ರ ಸುತ್ತ ಬೆಳಗುತ್ತವೆ. ಶೀಸೆಯ ಮೇಲೆ ಸೂಚಿಸಿದ ತರಂಗಕ್ಕೆ ಹೊಂದದ ಅಗ್ಗದ ಟಾರ್ಚ್ ಕೊಂಡರೆ ದುಬಾರಿ ರಾಳವೂ ಅಂಟಂಟಾಗಿಯೇ ಉಳಿದೀತು. ಹಣ ಉಳಿಸಲೇಬೇಕಾದರೆ ಶೀಸೆಯಲ್ಲಿ ಉಳಿಸಿ, ದೀಪದಲ್ಲಿ ಬೇಡ.

ಬಳಸುವ ಕ್ರಮವನ್ನು 'ಪೆರ್ಡಿಗೋನ್' ಎಂಬ ಫ್ಲೈಯಲ್ಲಿ ನೋಡುವುದು ಸುಲಭ. ಇದು ಸ್ಪೇನ್ ದೇಶದ್ದು. ಆ ಭಾಷೆಯಲ್ಲಿ ಹೆಸರಿನ ಅರ್ಥ ಬಂದೂಕಿನ ಸಣ್ಣ ಗುಂಡು. ಟಂಗ್‌ಸ್ಟನ್ ಮಣಿ, ಬಾಲಕ್ಕೆ ನಾಲ್ಕೈದು ಗರಿಯೆಳೆ, ನಯವಾದ ದಾರದ ಮೈ, ಅದರ ಮೇಲೆ ರಾಳದ ಹೊದಿಕೆ. ನೀರನ್ನು ತಡೆಯುವ ರೋಮವೊಂದೂ ಇಲ್ಲದ್ದರಿಂದ ಗುಂಡಿನಂತೆ ತಳಕ್ಕಿಳಿಯುತ್ತದೆ. ಶೀಸೆಯಿಂದ ನೇರವಾಗಿ ಸುರಿಯಬೇಡಿ. ದಬ್ಬಳದ ಮೊನೆಯಲ್ಲಿ ಸಾಸಿವೆಯಷ್ಟು ರಾಳ ತೆಗೆದುಕೊಂಡು ಮಣಿಯ ಹಿಂದಿನಿಂದ ಬಾಲದ ಕಡೆಗೆ ಎಳೆಯಿರಿ, ಕೊಕ್ಕೆಯನ್ನು ತಿರುಗಿಸುತ್ತ ಸಮವಾಗಿ ಹರಡಲು ಬಿಡಿ. ಬಾಲದೆಳೆಗಳಿಗೆ ಹತ್ತಿದರೆ ಅವು ಕಡ್ಡಿಯಾಗುತ್ತವೆ, ಆದ್ದರಿಂದ ಕೂದಲೆಳೆಯಷ್ಟು ಮುಂಚೆಯೇ ನಿಲ್ಲಿಸಿ. ಬಳಿಕ ದೀಪವನ್ನು ಎಲ್ಲ ಮಗ್ಗುಲಿನಿಂದಲೂ ತೋರಿಸಿ. ಕಪ್ಪು ದಾರವು ಬೆಳಕನ್ನು ನುಂಗುವುದರಿಂದ ಅದರೊಳಗೆ ಇಂಗಿದ ರಾಳ ಹಸಿಯಾಗಿ ಉಳಿಯಬಹುದು. ಒಂದು ದಪ್ಪ ಪದರಕ್ಕಿಂತ ಎರಡು ತೆಳು ಪದರ ಲೇಸು. ಮೇಜು ಕಿಟಕಿಯ ಬಳಿ ಬೇಡ. ಗಾಜಿನ ಮೂಲಕ ಬರುವ ಬಿಸಿಲೇ ತೆರೆದ ಶೀಸೆಯನ್ನು ಕೆಡಿಸೀತು.

ದೀಪ ಆರಿಸಿದ ಮೇಲೂ ಹಲವು ರಾಳಗಳ ಮೇಲ್ಮೈ ತುಸು ಅಂಟುತ್ತದೆ. ಗಾಳಿಯ ಆಮ್ಲಜನಕವು ಮೇಲ್ಪದರದ ಕೊಂಡಿಗಳನ್ನು ತಡೆಯುವುದೇ ಇದಕ್ಕೆ ಕಾರಣ. ಹವ್ಯಾಸಿಗಳಿಗೆ ಇದು ಅಂದದ ಕೊರತೆ. ವೈದ್ಯರಾದ ನಮಗೆ ಅದು ಬೇರೆಯೇ ಆಗಿ ಕಾಣುತ್ತದೆ. ಆ ಅಂಟು ಎಂದರೆ ಬಲೆ ಸೇರದ ಅಕ್ರಿಲೇಟ್. 'ಒಣಗಿತೇ' ಎಂದು ಬೆರಳಿನಿಂದ ಮುಟ್ಟಿ ನೋಡುವ ಚಾಳಿ ಎಲ್ಲರಿಗೂ ಇದೆ. ಪ್ರತಿಸಲ ಮುಟ್ಟಿದಾಗಲೂ ಅದಿಷ್ಟು ಚರ್ಮದೊಳಗೆ ಇಳಿಯುತ್ತದೆ. ತಿಂಗಳುಗಟ್ಟಲೆ ಏನೂ ಆಗದಿರಬಹುದು. ಆದರೆ ದೇಹದ ರಕ್ಷಣಾ ವ್ಯವಸ್ಥೆ ಒಮ್ಮೆ ಅದನ್ನು ಶತ್ರುವೆಂದು ಗುರುತಿಸಿತೆಂದರೆ ಆ ಗುರುತು ಸಾಮಾನ್ಯವಾಗಿ ಜೀವನಪರ್ಯಂತ ಅಳಿಯದು. 2012ರಲ್ಲಿ ಅಮೆರಿಕನ್ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ ಅಕ್ರಿಲೇಟ್‌ಗಳನ್ನೇ 'ವರ್ಷದ ಅಲರ್ಜಿಕಾರಕ' ಎಂದು ಹೆಸರಿಸಿತ್ತು.

ನಮಗೆ ಫ್ಲೈ ಕಟ್ಟಲು ಕಲಿಸಿದ ಅಮೆರಿಕನ್ ಹಿರಿಯರ ಹೆಬ್ಬೆರಳು, ತೋರುಬೆರಳುಗಳ ತುದಿ ಒಂದು ಚಳಿಗಾಲ ಬಿರಿದು ಸಿಪ್ಪೆಯೇಳತೊಡಗಿತು. ಒಣಹವೆಯೆಂದು ಅವರು ವ್ಯಾಸಲೀನ್ ಹಚ್ಚಿದರು. ಎರಡು ವಾರ ಊರಿಗೆ ಹೋದಾಗ ವಾಸಿಯಾಯಿತು, ಮರಳಿ ಮೇಜಿಗೆ ಕುಳಿತಾಗ ಮರುಕಳಿಸಿತು. ಈ ಏರಿಳಿತವೇ ರೋಗದ ಸುಳಿವು. ಪ್ಯಾಚ್ ಪರೀಕ್ಷೆ ಅಕ್ರಿಲೇಟ್‌ನತ್ತ ಬೊಟ್ಟು ಮಾಡಿತು. ಅವರು ರಾಳವನ್ನು ಬಿಟ್ಟರು. ಆದರೆ ಇದು ಹವ್ಯಾಸದೊಂದಿಗೆ ಮುಗಿಯುವ ಮಾತಲ್ಲ. ಇದೇ ಕುಟುಂಬದ ರಾಸಾಯನಿಕಗಳು ಹಲ್ಲಿನ ಬಿಳಿ ಫಿಲ್ಲಿಂಗ್‌ನಲ್ಲಿವೆ, ಕೀಲು ಬದಲಾಯಿಸುವಾಗ ಬಳಸುವ ಎಲುಬಿನ ಸಿಮೆಂಟಿನಲ್ಲಿವೆ. ಇನ್ನು ಮುಂದೆ ಹಲ್ಲಿನ ವೈದ್ಯರ ಬಳಿಗೆ ಹೋದಾಗಲೆಲ್ಲ ಅವರು ಇದನ್ನು ಹೇಳಲೇಬೇಕು.

ಗಾಳ ಹಿಡಿಯದ ಕುಟುಂಬಗಳೂ ಇಷ್ಟನ್ನು ಓದಬೇಕೆಂದು ನಾವು ಬಯಸುವುದು ಈ ಕಾರಣಕ್ಕೇ. ನಮ್ಮವರಲ್ಲಿ ಮಧುಮೇಹ ಮನೆಮನೆಯ ಮಾತು. ತೋಳಿಗೆ ಅಂಟಿಸುವ ಗ್ಲೂಕೋಸ್ ಸೆನ್ಸರ್ ಬಳಸುವವರು ಹಲವರು. ಅಂತಹ ಕೆಲವು ಸಾಧನಗಳಲ್ಲಿದ್ದ ಐಸೊಬಾರ್ನೈಲ್ ಅಕ್ರಿಲೇಟ್‌ನಿಂದ ಅಲರ್ಜಿಯಾದದ್ದು 2017ರಲ್ಲಿ ವರದಿಯಾಯಿತು, 2020ರಲ್ಲಿ ಅದೇ ವರ್ಷದ ಅಲರ್ಜಿಕಾರಕವೆನಿಸಿತು. ಇನ್ನು ಹದಿಹರೆಯದ ಮಕ್ಕಳು ಮನೆಯಲ್ಲೇ ದೀಪ ಹಿಡಿದು ಹಾಕಿಕೊಳ್ಳುವ ಜೆಲ್ ನೇಲ್ ಪಾಲಿಶ್ ಯುವಿ ರಾಳದ ಸೋದರಸಂಬಂಧಿ. ಬ್ರಿಟನ್ನಿನ ಚರ್ಮವೈದ್ಯರ ಸಂಘ 2018ರಲ್ಲಿ ಅದರ ಕುರಿತು ಎಚ್ಚರಿಸಿತ್ತು.

ಕೈಗವಸು ತೊಟ್ಟರೆ ಸಾಕಲ್ಲವೇ ಎಂದು ಕೇಳುವಿರಿ. ಅಕ್ರಿಲೇಟ್ ತೆಳುವಾದ ಲ್ಯಾಟೆಕ್ಸ್ ಗವಸನ್ನು ಬೇಗನೆ ದಾಟುತ್ತದೆ; ನೈಟ್ರೈಲ್ ಕೊಂಚ ತಡೆಯುತ್ತದೆ, ಅಷ್ಟೇ. ರಾಳ ತಾಗಿದ ಗವಸನ್ನು ತಕ್ಷಣ ಕಳಚಿ ಎಸೆಯಬೇಕು. ಅದಕ್ಕಿಂತ ಒಳ್ಳೆಯದು ಮುಟ್ಟದಿರುವುದೇ. ಗಟ್ಟಿಯಾಯಿತೇ ಎಂದು ಹಲ್ಲುಕಡ್ಡಿಯಿಂದ ಒತ್ತಿ ನೋಡಿ. ಅಂಟು ಉಳಿದಿದ್ದರೆ ಇನ್ನಷ್ಟು ಬೆಳಕು ಕೊಟ್ಟು, ಐಸೊಪ್ರೊಪೈಲ್ ಆಲ್ಕೊಹಾಲ್ ತೋಯಿಸಿದ ಕಾಗದವನ್ನು ಚಿಮಟದಲ್ಲಿ ಹಿಡಿದು ಒರೆಸಿ. ಆ ಕಾಗದವನ್ನು ಬಿಸಿಲಿಗಿಟ್ಟು ಗಟ್ಟಿಯಾದ ಮೇಲೆ ಕಸಕ್ಕೆ ಹಾಕಿ. ದೀಪದ ಬೆಳಕು ಮಣಿಯಿಂದ ಪ್ರತಿಫಲಿಸಿ ಕಣ್ಣಿಗೆ ಬೀಳುತ್ತದಾದ್ದರಿಂದ ಯುವಿ ತಡೆಯುವ ಕನ್ನಡಕ ಇರಲಿ.

ಸಂಘದ ಮಕ್ಕಳಿಗೆ ಕಲಿಸುವಾಗ ನಾವು ಯುವಿ ರಾಳವನ್ನು ಮೇಜಿನ ಮೇಲೆ ಇಡುವುದಿಲ್ಲ. ದಾರದ ಗಂಟನ್ನು ಬಿಗಿಯಾಗಿ ಹಾಕಿ, ನೀರಿನಲ್ಲಿ ಕರಗಿಸಿದ ಸಿಮೆಂಟಿನ ಹನಿಯೊಂದನ್ನು ಹಚ್ಚಿ ರಾತ್ರಿಯಿಡೀ ಒಣಗಲು ಬಿಡುತ್ತೇವೆ. ಹೊಳಪು ಕೊಂಚ ಕಡಿಮೆ. ಟ್ರೌಟ್‌ಗಳು ಈವರೆಗೆ ಆಕ್ಷೇಪಿಸಿಲ್ಲ.