ಸಂಜೆಯೊಳಗೆ ತಲುಪಬೇಕಾದ ಸೀರೆ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಹೊಸಕೋಟೆ, ನೆಲಮಂಗಲಗಳ ಗೋದಾಮುಗಳಲ್ಲಿ ದುಡಿಯುತ್ತಿದ್ದಾರೆ. ಕೆಲವರು ಬೈಕಿನಲ್ಲಿ ಮನೆಮನೆಗೆ ಪಾರ್ಸೆಲ್ ಮುಟ್ಟಿಸುತ್ತಾರೆ. ಅವರನ್ನು ನೆನೆದೇ ಈ ಸಣ್ಣ ಲೆಕ್ಕವನ್ನು ಬರೆಯುತ್ತಿದ್ದೇನೆ.

ಹತ್ತು ಊರುಗಳಿವೆ ಎನ್ನೋಣ. ಪ್ರತಿಯೊಂದು ಊರಿನಿಂದ ಉಳಿದೆಲ್ಲ ಊರುಗಳಿಗೂ ನೇರವಾಗಿ ಗಾಡಿ ಓಡಿಸಲು 45 ದಾರಿಗಳು ಬೇಕು. ಒಂದೂರನ್ನು ಕೇಂದ್ರವಾಗಿಸಿ, ಎಲ್ಲವನ್ನೂ ಅಲ್ಲಿಯೇ ವಿಂಗಡಿಸಿದರೆ 9 ದಾರಿಗಳು ಸಾಕು. ಅಮೆರಿಕದ ಫೆಡರಲ್ ಎಕ್ಸ್‌ಪ್ರೆಸ್ ಸಂಸ್ಥೆ 1973ರಲ್ಲಿ ಮೆಂಫಿಸ್ ನಗರವನ್ನು ಇಂತಹ ಕೇಂದ್ರವಾಗಿ ಮಾಡಿಕೊಂಡು, ರಾತ್ರಿ ವಿಂಗಡಿಸಿ ಮರುದಿನ ತಲುಪಿಸತೊಡಗಿತು. ಆದರೆ ಅದೇ ದಿನ ತಲುಪಿಸಲು ಹೊರಟವರಿಗೆ ನಡುವೆ ಒಂದು ರಾತ್ರಿಯ ಬಿಡುವು ಇರುವುದಿಲ್ಲ.

ತೊಡಕಿರುವುದು ಇಲ್ಲಿಯೇ. ಕೇಂದ್ರವೊಂದು ಗಂಟೆಗೆ 1,000 ಪಾರ್ಸೆಲ್‌ಗಳನ್ನು ವಿಂಗಡಿಸಬಲ್ಲದು, ಅದಕ್ಕಿರುವ ಅವಕಾಶ ಹನ್ನೊಂದರಿಂದ ಎರಡು ಗಂಟೆಯವರೆಗೆ ಎಂದಿಟ್ಟುಕೊಳ್ಳಿ. ಆಗ ಸಾಗುವುದು 3,000 ಮಾತ್ರ. ಬಂದದ್ದು 4,500 ಆದರೆ 1,500 ಉಳಿದೇ ಉಳಿಯುತ್ತವೆ. ಹೊರಗೆ ಎಷ್ಟು ಟೆಂಪೋಗಳನ್ನು ನಿಲ್ಲಿಸಿದರೂ ಪ್ರಯೋಜನವಿಲ್ಲ.

ಆದುದರಿಂದ, ಕೇಂದ್ರಕ್ಕೆ ಯಾವುದನ್ನು ಕಳುಹಿಸಬಾರದು ಎಂಬುದನ್ನೇ ಮೊದಲು ತೀರ್ಮಾನಿಸಬೇಕು. ದೊಡ್ಡಬಳ್ಳಾಪುರದ ಮಗ್ಗದ ಸೀರೆಯೊಂದು ಹೊಸಕೋಟೆಗೆ ಹೋಗಬೇಕಾಗಿದೆ. ವಿಂಗಡಣೆಯ ಕೇಂದ್ರ ನೆಲಮಂಗಲದಲ್ಲಿದ್ದರೆ ಆ ಸೀರೆ ಮೊದಲು ವಿರುದ್ಧ ದಿಕ್ಕಿಗೆ ಸಾಗಿ, ಬಳಿಕ ಬೆಂಗಳೂರಿನ ವಾಹನಸಂದಣಿಯನ್ನು ಹಾಯಬೇಕು. ದೇವನಹಳ್ಳಿ, ಸೂಲಿಬೆಲೆ ಮಾರ್ಗವಾಗಿ ನೇರ ರಸ್ತೆಯೇ ಇದೆ! ಇಂತಹ ಊರುಗಳ ನಡುವೆ ಒಂದು ಟೆಂಪೋ ತುಂಬುವಷ್ಟು ಸರಕಿದ್ದರೆ ನೇರವಾಗಿ ಕಳುಹಿಸುವುದು ಲೇಸು. ಕೇಂದ್ರದ ಹೊರೆಯೂ ಅಷ್ಟು ಇಳಿಯುತ್ತದೆ. ಅದಾದ ಮೇಲೂ ಮಿಕ್ಕುವ ಪಾರ್ಸೆಲ್‌ಗಳಿಗೆ, ಹಣ ಪಡೆಯುವ ಮುನ್ನವೇ "ನಾಳೆ ತಲುಪುತ್ತದೆ" ಎಂದು ತಿಳಿಸಿಬಿಡಬೇಕು.

ಹಾಗೆ ತಿಳಿಸದಿದ್ದರೆ ಏನಾಗುತ್ತದೆ? ಕೇಂದ್ರದಲ್ಲಿ ಕಳೆದುಹೋದ ಗಂಟೆಯನ್ನು ಬೈಕಿನ ಹುಡುಗ ರಸ್ತೆಯಲ್ಲಿ ಗಳಿಸಿಕೊಡಬೇಕಾಗುತ್ತದೆ. ಅವನು ಕೆಂಪು ದೀಪವನ್ನು ದಾಟುತ್ತಾನೆ, ಊಟ ಬಿಡುತ್ತಾನೆ, ಗ್ರಾಹಕರ ಬೈಗುಳವನ್ನೂ ಕೇಳುತ್ತಾನೆ. ಇಂತಹ ದುಡಿಮೆಗಾರರ ಸಾಮಾಜಿಕ ಭದ್ರತೆಗಾಗಿ ಕರ್ನಾಟಕದಲ್ಲಿ 2025ರಲ್ಲಿ ಕಾಯಿದೆಯೇ ಬಂದಿತು. ಅದು ಸ್ವಾಗತಾರ್ಹ. ಆದರೆ ಯಾವ ಕಾಯಿದೆಯೂ ಗಂಟೆಗೆ ಅರವತ್ತೊಂದನೆಯ ನಿಮಿಷವನ್ನು ಸೇರಿಸಲಾರದು.

ಇಂತಹ ಯೋಜನೆಗಳನ್ನು ರೂಪಿಸುವ ಹುದ್ದೆಯಲ್ಲಿರುವ ನನ್ನ ಶಿಷ್ಯರಿಗೆ ಒಂದು ಮಾತು. ನಿಮ್ಮ ಲೆಕ್ಕದಲ್ಲಿ ಶೇಷ ಉಳಿಯುವುದು ದೋಷವಲ್ಲ. ಆ ಶೇಷವನ್ನು ಯಾರ ಹೆಗಲಿಗೆ ಏರಿಸುತ್ತೀರಿ ಎಂಬುದನ್ನು ಮಾತ್ರ ಕಾಗದದ ಮೇಲೆ ಸ್ಪಷ್ಟವಾಗಿ ಬರೆದು ನೋಡಿಕೊಳ್ಳಿ.