ಕಲಾಯಿ ಹಾಕಿದ ಕಂಪ್ಯೂಟರ್

ಈ ಸಲದ ಗೋಡೆ ಪತ್ರಿಕೆಗೆ ಪ್ರವಾಸದ ಬಗ್ಗೆ ಬರಿ ಅಂತ ಮೇಷ್ಟ್ರು ಹೇಳಿದ್ದರು. ನಾನು ಈ ವರ್ಷ ಎಲ್ಲಿಗೂ ಪ್ರವಾಸ ಹೋಗಲಿಲ್ಲ. ಆದರೆ ನಮ್ಮ ಮನೆಯಲ್ಲಿ ಒಂದು ಸಂಗತಿ ನಡೆಯಿತು. ಅದನ್ನೇ ಬರೆಯುತ್ತೇನೆ. ತಪ್ಪಿದ್ದರೆ ಕ್ಷಮಿಸಿ.

ಕಳೆದ ವರ್ಷ ನಮ್ಮಕ್ಕನಿಗೆ ತುಮಕೂರಿನಲ್ಲಿ ಬಿ.ಸಿ.ಎ. ಸೀಟು ಸಿಕ್ಕಿತು. ನಮ್ಮ ಮನೆಯಿಂದ ಕಂಪ್ಯೂಟರ್ ಓದೋಕೆ ಹೋದವಳು ಅವಳೇ ಮೊದಲು. ಅಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದಳು. ಹದಿನೈದು ದಿನ ಆಗಿರಲಿಲ್ಲ, ಅಕ್ಕ ಫೋನ್ ಮಾಡಿ, "ಅಪ್ಪಾ, ಲ್ಯಾಬಲ್ಲಿ ವಾರಕ್ಕೆ ಎರಡೇ ದಿನ ಕಂಪ್ಯೂಟರ್ ಸಿಗೋದು. ನಂಗೂ ಒಂದು ಲ್ಯಾಪ್‌ಟಾಪ್ ಬೇಕೇ ಬೇಕಾಗುತ್ತೆ" ಅಂದಳು. ಅಪ್ಪ ತಿಪಟೂರು ಮಾರ್ಕೆಟ್ಟಿಗೆ ಕೊಬ್ಬರಿ ಹಾಕೋಕೆ ಹೋದಾಗ ಅಂಗಡೀಲಿ ವಿಚಾರಿಸಿಕೊಂಡು ಬಂದರು. ಅಕ್ಕ ಹೇಳಿದಂಥದ್ದಕ್ಕೆ 52 ಸಾವಿರ. ಸೊಸೈಟಿ ಸಾಲ ಕಟ್ಟಿದ ಮೇಲೆ ಅಪ್ಪನ ಕೈಯಲ್ಲಿ ಉಳಿದಿದ್ದು 30 ಸಾವಿರ.

ಅವತ್ತು ರಾತ್ರಿ ಉಣ್ಣುವಾಗ ಅಪ್ಪ ತಲೆ ಎತ್ತದೆ, "ಗೌರೀನ ಮಾರಿಬಿಡಣ" ಅಂದರು. ಗೌರಿ ನಮ್ಮ ಹಸು. ಡೈರಿಗೆ ಹಾಲು ಹಾಕಿ ಬರುವ ದುಡ್ಡಲ್ಲೇ ನಮ್ಮ ಮನೆಯ ಸೋಪು, ಎಣ್ಣೆ, ನನ್ನ ನೋಟುಬುಕ್ಕು ಎಲ್ಲ ನಡೆಯೋದು. ಅಮ್ಮ ಏನೂ ಮಾತಾಡಲಿಲ್ಲ. ಮುದ್ದೆ ಮುರಿಯುತ್ತಿದ್ದವಳು ಹಾಗೇ ಕೂತುಬಿಟ್ಟಳು. ನಿಜ ಹೇಳುತ್ತೇನೆ, ನನಗೆ ಆಗ ಗೌರಿಯ ಯೋಚನೆ ಬರಲಿಲ್ಲ. ಹೊಸ ಡಬ್ಬ ಒಡೆದು ಹೊಸ ಲ್ಯಾಪ್‌ಟಾಪ್ ತೆಗೆಯುವುದನ್ನು ನಿಮಗೆಲ್ಲ ಹೇಳಬೇಕು ಅಂತ ಆಸೆ ಇತ್ತು. ಇದನ್ನು ಬರೆಯೋಕೆ ಈಗ ನಾಚಿಕೆಯಾಗುತ್ತದೆ.

ಭಾನುವಾರ ಅಕ್ಕ ಊರಿಗೆ ಬಂದಳು. ಗೌರಿ ವಿಷಯ ಕೇಳಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ಅಪ್ಪಾ, ಹೊಸದೇ ಬೇಡ. ಕಂಪನಿಯವರೇ ರಿಪೇರಿ ಮಾಡಿ, ಪರೀಕ್ಷೆ ಮಾಡಿ, ಸರ್ಟಿಫಿಕೇಟ್ ಕೊಟ್ಟು ಮಾರೋ ಲ್ಯಾಪ್‌ಟಾಪ್ ಸಿಗುತ್ತೆ. ರೀಫರ್ಬಿಷ್ಡ್ ಅಂತಾರೆ. ಅರ್ಧದಷ್ಟು ದುಡ್ಡಿಗೆ ಬರುತ್ತೆ. ನಮ್ಮ ಲೆಕ್ಚರರ್ರೇ ಹೇಳಿದ್ರು" ಅಂದಳು.

ಅಪ್ಪನಿಗೆ ಸಿಟ್ಟು ಬಂತು. "ಕಂಡೋರು ಬಳಸಿ ಬಿಟ್ಟಿದ್ದು ನನ್ನ ಮಗಳಿಗ್ಯಾಕೆ? ನಿಮ್ಮ ಮಾವನ ಫೋನ್ ಕಥೆ ಮರೆತುಹೋಯ್ತಾ?" ಅಂದರು.

ಮಾವನ ಕಥೆ ನಿಮಗೆ ಗೊತ್ತಿಲ್ಲ. ಅವರು ಎರಡು ವರ್ಷದ ಹಿಂದೆ ಪೇಟೆಯ ಒಂದು ಅಂಗಡಿಯಲ್ಲಿ 4 ಸಾವಿರ ಕೊಟ್ಟು ಹಳೇ ಫೋನ್ ತಂದರು. ಬಿಲ್ಲು ಕೊಡಲಿಲ್ಲ, ಇವರೂ ಕೇಳಲಿಲ್ಲ. ಮೂರು ತಿಂಗಳಿಗೆ ಯಾವ ಸಿಮ್ ಹಾಕಿದರೂ ನೆಟ್‌ವರ್ಕ್ ಬರದೇ ಹೋಯಿತು. ಅದು ಕದ್ದ ಫೋನಂತೆ. ಕಳೆದುಕೊಂಡವರು ದೂರು ಕೊಟ್ಟು ಅದನ್ನು ಬ್ಲಾಕ್ ಮಾಡಿಸಿದ್ದರು. ಮಾವ ಸ್ಟೇಷನ್ನಿಗೆ ಹೋಗಿ ಫೋನ್ ಒಪ್ಪಿಸಿ, ಕೈಕಟ್ಟಿ ನಿಂತು ಬಂದರು. ದುಡ್ಡೂ ಹೋಯಿತು, ಮರ್ಯಾದೆಯೂ ಹೋಯಿತು. ಹಾಗಾಗಿ ಅಪ್ಪನ ಸಿಟ್ಟು ಸುಳ್ಳಲ್ಲ.

ಮೂಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ನಮ್ಮಜ್ಜಿ ಅಲ್ಲಿಂದಲೇ ಕೇಳಿದಳು. "ಲೋ ಮಗಾ, ಈ ಹಿತ್ತಾಳೆ ಪಾತ್ರೆಗೆ ಎಷ್ಟು ವರ್ಷ ಆಯ್ತು ಗೊತ್ತೇನೋ? ನನ್ನ ಮದುವೇಲಿ ಕೊಟ್ಟಿದ್ದು. ಕಲಾಯಿ ಹಾಕ್ಸಿ ಹಾಕ್ಸಿ ಇವತ್ತಿಗೂ ಸಾರು ಮಾಡ್ತಾ ಇಲ್ವಾ? ಪಾತ್ರೆ ಹಳೇದು ಅಂತ ಯಾರಾದ್ರೂ ಬಿಸಾಕ್ತಾರಾ?"

ಕಲಾಯಿ ನೋಡದವರಿಗಾಗಿ ಹೇಳುತ್ತೇನೆ. ಹಿತ್ತಾಳೆ, ತಾಮ್ರದ ಪಾತ್ರೆಯ ಒಳಗೆ ತವರದ ಲೇಪ ಇರಬೇಕು. ಅದು ಸವೆದರೆ ಹುಳಿ ಸಾರು ಕಿಲುಬುತ್ತದೆ. ಕಲಾಯಿಯವರು ಬಂದು ತಿದಿ ಊದಿ, ಪಾತ್ರೆ ಕಾಯಿಸಿ, ನವಸಾಗರ ಹಾಕಿ, ತವರ ಸವರಿ, ಬಟ್ಟೆಯಲ್ಲಿ ಉಜ್ಜುತ್ತಾರೆ. ಪಾತ್ರೆ ಬೆಳ್ಳಿಯ ಹಾಗೆ ಹೊಳೆಯುತ್ತದೆ.

ಅಪ್ಪ ಮೆತ್ತಗಾದರು. ಆದರೂ, "ಕಲಾಯಿಯಲ್ಲೂ ಮೋಸ ಇಲ್ವೇನವ್ವಾ?" ಅಂದರು. ಅಜ್ಜಿ ನಕ್ಕಳು. "ಇರದೆ ಏನು? ಒಬ್ಬ ಬಂದು ತವರಕ್ಕೆ ಸೀಸ ಬೆರೆಸಿ ಹಾಕಿಹೋಗಿದ್ದ. ಆಮೇಲೆ ನಾನು ಗುರುತಿರೋ ಕಲಾಯಿಯವನ ಹತ್ರಾನೇ ಹಾಕಿಸ್ತಿದ್ದೆ. ಹೆಚ್ಚುಕಮ್ಮಿ ಆದ್ರೆ ಮುಂದಿನ ಸಲ ಬಂದಾಗ ಕೇಳಬಹುದಲ್ಲ! ಪಾತ್ರೆ ಹಳೇದಾ ಹೊಸದಾ ಅಂತ ನೋಡಬ್ಯಾಡ. ಕಲಾಯಿ ಹಾಕಿದೋನು ಯಾರು, ನಾಳೆ ಕೈಗೆ ಸಿಗ್ತಾನಾ ಅಂತ ನೋಡು. ನಿನ್ನ ಗೌರೀನೂ ಎರಡನೇ ಸೂಲಲ್ಲಿ ಸಂತೇಲಿ ತಂದಿದ್ದೇ ಅಲ್ವೇನೋ?"

ಎಲ್ಲರೂ ನಕ್ಕೆವು. ಅಪ್ಪನೂ ನಕ್ಕರು.

ಮುಂದಿನ ವಾರ ಅಪ್ಪ ಅಕ್ಕ ಇಬ್ಬರೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ಆ ಕಂಪನಿಯ ಅಧಿಕೃತ ಅಂಗಡಿಯಿಂದ 27 ಸಾವಿರದ 500 ರೂಪಾಯಿಗೆ ಲ್ಯಾಪ್‌ಟಾಪ್ ತಂದರು. ಒಂದು ವರ್ಷ ವಾರಂಟಿ. ಬಿಲ್ಲಿನಲ್ಲಿ ಲ್ಯಾಪ್‌ಟಾಪಿನ ಸೀರಿಯಲ್ ನಂಬರ್ ಬರೆದಿದ್ದಾರೆ. ಅಪ್ಪ ಆ ಬಿಲ್ಲನ್ನು ಪಹಣಿ ಪತ್ರದ ಜೊತೆ ಟ್ರಂಕಿನಲ್ಲಿ ಇಟ್ಟಿದ್ದಾರೆ.

ಅಕ್ಕನಿಂದ ನಾನು ತಿಳಿದುಕೊಂಡಿದ್ದನ್ನು ನಿಮಗೂ ಹೇಳುತ್ತೇನೆ. ಇಂಥ ಲ್ಯಾಪ್‌ಟಾಪುಗಳು ಎಲ್ಲಿಂದ ಬರುತ್ತವೆ? ಕೆಲವನ್ನು ಕೊಂಡವರು ಕೆಲವೇ ದಿನಕ್ಕೆ ವಾಪಸ್ ಕೊಟ್ಟಿರುತ್ತಾರೆ. ಕೆಲವು ಅಂಗಡಿಯಲ್ಲಿ ತೋರಿಸಲು ಇಟ್ಟವು. ದೊಡ್ಡ ಆಫೀಸುಗಳು ಎರಡು ಮೂರು ವರ್ಷ ಬಾಡಿಗೆಗೆ ಪಡೆದು ಹಿಂದಿರುಗಿಸಿದವೂ ಇರುತ್ತವೆ. ಕಂಪನಿಯವರು ಹಿಂದಿನವರ ಫೈಲುಗಳನ್ನೆಲ್ಲ ಅಳಿಸಿ, ಭಾಗಗಳನ್ನು ಒಂದೊಂದಾಗಿ ಪರೀಕ್ಷಿಸಿ, ಕೆಟ್ಟದ್ದನ್ನು ಬದಲಿಸಿ, ಮತ್ತೆ ಮಾರುತ್ತಾರೆ. ಆಪಲ್ ಕಂಪನಿ ಅಮೆರಿಕದಂಥ ದೇಶಗಳಲ್ಲಿ ತಾನೇ ಸರಿಮಾಡಿದ ಐಫೋನ್ ಮಾರುವಾಗ ಹೊಸ ಬ್ಯಾಟರಿ, ಹೊಸ ಹೊರಕವಚ ಹಾಕಿ, ಒಂದು ವರ್ಷದ ವಾರಂಟಿ ಕೊಡುತ್ತದೆ. ಅದೇ ಕಂಪನಿ ಬಳಸಿದ ಐಫೋನುಗಳನ್ನು ಹೊರಗಿನಿಂದ ತಂದು ಭಾರತದಲ್ಲಿ ಮಾರಲು ಕೇಳಿದಾಗ, 2016ರಲ್ಲಿ ನಮ್ಮ ಸರ್ಕಾರ ಒಪ್ಪಲಿಲ್ಲ. ಹೊರದೇಶದ ಹಳೇ ಮಾಲು ಬಂದು ಇಲ್ಲಿ ಕಸವಾಗಿ ಬೀಳುತ್ತದೆ ಅನ್ನುವ ಆತಂಕ ಆಗ ಹಲವರಿಗಿತ್ತು.

ಆ ಆತಂಕವೂ ಸುಳ್ಳಲ್ಲ. ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಇಡೀ ಪ್ರಪಂಚದಲ್ಲಿ ಬಿಸಾಡಿದ ಎಲೆಕ್ಟ್ರಾನಿಕ್ ಕಸ 6 ಕೋಟಿ 20 ಲಕ್ಷ ಟನ್. ಅದರಲ್ಲಿ ಸರಿಯಾಗಿ ಸಂಗ್ರಹಿಸಿ ಮರುಬಳಕೆ ಮಾಡಿದ್ದಕ್ಕೆ ಲೆಕ್ಕ ಸಿಗುವುದು ಕಾಲುಭಾಗಕ್ಕಿಂತ ಕಡಿಮೆ. ಉಳಿದದ್ದರಲ್ಲಿ ಎಷ್ಟೋ ಮಣ್ಣಿಗೆ ಸೇರುತ್ತದೆ, ಎಷ್ಟೋ ಬೆಂಕಿಗೆ. ಅದರಲ್ಲಿ ಸೀಸ, ಪಾದರಸ ಇರುತ್ತದೆ. ಒಂದು ಲ್ಯಾಪ್‌ಟಾಪ್ ಇನ್ನೂ ನಾಲ್ಕು ವರ್ಷ ಬಾಳಿದರೆ ಅಷ್ಟು ವರ್ಷ ಅದು ಕಸವಾಗುವುದಿಲ್ಲ. ಹೊಸದೊಂದನ್ನು ಮಾಡಲು ಗಣಿ ಅಗೆಯುವುದೂ ಅಷ್ಟು ತಪ್ಪುತ್ತದೆ.

ನೀವೂ ತಗೊಳ್ಳುವುದಾದರೆ ಇಷ್ಟನ್ನು ನೋಡಿ:

1. ಸರಿಮಾಡಿದವರು ಯಾರು? ತಯಾರಿಸಿದ ಕಂಪನಿಯೇ, ಬೇರೆ ಅಂಗಡಿಯವರೇ? "ರೀಫರ್ಬಿಷ್ಡ್" ಅಂತ ಚೀಟಿಯನ್ನು ಯಾರು ಬೇಕಾದರೂ ಅಂಟಿಸಬಹುದು.

2. ಬಿಲ್ಲು ಮತ್ತು ವಾರಂಟಿ ಕೇಳಿ. ಬಿಲ್ಲಿಲ್ಲ ಅಂದರೆ ಕೈ ಮುಗಿದು ಬನ್ನಿ.

3. ಫೋನಾದರೆ ಸ್ಟಾರ್, ಹ್ಯಾಷ್, ಸೊನ್ನೆ, ಆರು, ಹ್ಯಾಷ್ ಒತ್ತಿ. 15 ಅಂಕಿಯ ಐ.ಎಂ.ಇ.ಐ. ನಂಬರ್ ಬರುತ್ತದೆ. ಕೆ, ವೈ, ಎಂ ಎಂಬ ಮೂರು ಇಂಗ್ಲಿಷ್ ಅಕ್ಷರ ಬರೆದು, ಸ್ವಲ್ಪ ಜಾಗ ಬಿಟ್ಟು, ಆ ನಂಬರ್ ಬರೆದು 14422ಕ್ಕೆ ಮೆಸೇಜ್ ಕಳಿಸಿದರೆ ಆ ಫೋನಿನ ವಿವರ ಬರುತ್ತದೆ. ನಮ್ಮ ಮಾವನಿಗೆ ಇದು ಗೊತ್ತಿರಲಿಲ್ಲ.

4. ತೀರಾ ಹಳೇ ಮಾದರಿ ಬೇಡ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ನಡೆಯುವಂಥದ್ದೇ ಇರಲಿ.

5. ಹೊಸದರ ಬೆಲೆಗೂ ಇದಕ್ಕೂ ಎರಡು ಮೂರು ಸಾವಿರವಷ್ಟೇ ವ್ಯತ್ಯಾಸವಿದ್ದರೆ ಹೊಸದೇ ಒಳ್ಳೆಯದು.

ನಮ್ಮ ಲ್ಯಾಪ್‌ಟಾಪಿನಲ್ಲಿ ಕುಂದೇ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಮುಚ್ಚಳದ ಮೇಲೆ ಒಂದು ಗೀರಿದೆ. ಒಂದು ಕೀಲಿಯ ಅಕ್ಷರ ಅರ್ಧ ಅಳಿಸಿದೆ. ಬಣ್ಣ ಆರಿಸಿಕೊಳ್ಳುವ ಹಾಗಿರಲಿಲ್ಲ, ಇದ್ದದ್ದನ್ನೇ ತಂದರು. ಬ್ಯಾಟರಿ ಮೂರು ಗಂಟೆ ಬರುತ್ತದೆ. ಆರನೇ ತಿಂಗಳಲ್ಲಿ ಚಾರ್ಜರ್ ಕೆಟ್ಟಿತು. ಅಪ್ಪ ಟ್ರಂಕಿನಿಂದ ಬಿಲ್ಲು ತೆಗೆದುಕೊಟ್ಟರು. ಸರ್ವಿಸ್ ಸೆಂಟರಿನವರು ದುಡ್ಡು ಕೇಳದೆ ಬೇರೆ ಚಾರ್ಜರ್ ಕೊಟ್ಟರು. ಅಜ್ಜಿ, "ನೋಡ್ದಾ, ಕಲಾಯಿಯವನು ಕೈಗೆ ಸಿಕ್ದ" ಅಂದಳು.

ಹಾಸ್ಟೆಲಿನಲ್ಲಿ ಗೆಳತಿಯೊಬ್ಬಳು ಆ ಗೀರು ನೋಡಿ, "ಇದು ಸೆಕೆಂಡ್ ಹ್ಯಾಂಡಾ?" ಅಂತ ಕೇಳಿದಳಂತೆ. ಅಕ್ಕ, "ಅಲ್ಲ ಕಣೇ, ಕಲಾಯಿ ಹಾಕ್ಸಿದ್ದು" ಅಂದಳಂತೆ. ಅದರಲ್ಲೇ ಪ್ರೋಗ್ರಾಂ ಬರೆದು ಮೊದಲ ಸೆಮಿಸ್ಟರ್ ಪಾಸು ಮಾಡಿದ್ದಾಳೆ.

ಗೌರಿ ಕಳೆದ ತಿಂಗಳು ಹೆಣ್ಣು ಕರು ಹಾಕಿತು. ಇದನ್ನು ಬರೆಯುವಾಗ ಹಟ್ಟಿಯಲ್ಲಿ ಕರು ಕೂಗುತ್ತಿದೆ. ಹೊಸ ಡಬ್ಬದ ಆಸೆಯಲ್ಲಿ ನಾನು ಅದರ ತಾಯಿಯನ್ನೇ ಮರೆತಿದ್ದೆ.

— 9ನೇ ತರಗತಿಯ ವಿದ್ಯಾರ್ಥಿನಿ